ದಾನಪ್ಪ ಮಾಸ್ತರ ಅವಧಿ

ರಾಹೇಲವ್ವ ಗಂಡನ ಎಡಗಾಲಿಗೆ ಬೂಟು ತುರುಕುತ್ತಿದ್ದಳು. ಬಲಗಾಲು ಹೇಗೋ ಒಪ್ಪಿಕೊಂಡಿತ್ತು. ಎಡಗಾಲು ಮಾತ್ರ ಸೆಟೆದುಕೊಂಡು ಹಿಮ್ಮಡಿಯ ಹತ್ತಿರ ಹಟ ಹಿಡಿದಿತ್ತು.

"ಇರ್ಲಿ ಬಿಡಿ ಅಮ್ಮ," ಎಂದ ಸದಾನಂದ. "ಮಲಗಿದವರಿಗೆ ಬೂಟು ಎಂತಕ್ಕೆ? ಮೇಲೆ ಬಟ್ಟೆ ಹೊದಿಸ್ತೇವಲ್ಲ, ಯಾರಿಗೂ ಕಾಣುದಿಲ್ಲ."

"ಯಾರಿಗರೆ ಕಾಣ್ಲಿ ಅಂತ ಹಾಕಾಕತ್ತಿಲ್ಲಪಾ ನಾ. ಬೂಟಿಲ್ಲದ ಹೊಸ್ತಿಲಾ ದಾಟಿದ ಮನಶ್ಯಾ ಅಲ್ಲ ಇವರು. ಹಿಡಿ ಇಲ್ಲೆ, ಪಾದ ಗಟ್ಟಿ ಹಿಡಿ. ಜೀವ ಇದ್ದಾಗೂ ಇದ ಹಾಡು. ಒಂದ ಕಾಲು ಬಾ ಅಂದ್ರ ಬರ್ತಿತ್ತು, ಇನ್ನೊಂದು ಯಾರದರೆ ಮನ್ಯಾಗ ಸಿಕ್ಕೊಂಡಿರ್ತಿತ್ತು."

ಸದಾನಂದ ಪಾದ ಹಿಡಿದ. ಅವನು ಮಂಗಳೂರಿನ ಕಡೆಯವನು, ಮುಂಬಯಿಯ ಗೋರೆಗಾಂವಿನ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಹಿರಿಯ, ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ. ಸುದ್ದಿ ತಿಳಿದೊಡನೆ ಹಲ್ಲುಜ್ಜುವುದನ್ನೂ ಬಿಟ್ಟು ಓಡಿ ಬಂದಿದ್ದ.

ಬೆಳಗಿನ ಜಾವ ದಾನಪ್ಪ ಮಾಸ್ತರು ಎದ್ದು ಕೂತು, ಎದೆ ತಿಕ್ಕಿಕೊಂಡು, ನೀರು ಕೇಳಿದ್ದರು. ರಾಹೇಲವ್ವ ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೂ ಅವಳಿಗೆ ಸಿಟ್ಟೇ. ಕಂಡವರ ಮನೆಯಲ್ಲಿ ಒಂದು ಕಪ್ಪು ಚಹಾಕ್ಕೆ ಗಂಟೆಗಟ್ಟಲೆ ಕಾಯುತ್ತಿದ್ದ ಮನುಷ್ಯ ಹೆಂಡತಿ ನೀರು ತರುವ ತನಕ ತಾಳಬಾರದೇ?

ಬೂಟು ಕೊನೆಗೂ ಹೊಕ್ಕಿತು. ಅವಳು ಲೇಸು ಬಿಗಿದು ಎದ್ದು ನಿಂತಳು. "ಈಗ ಗಾಡಿ ನೋಡು. ಇವರನ್ನ ಬೆಟಗೇರಿಗೆ ಒಯ್ಯಾಕಿ ನಾ."

"ಮತ್ತೆ ಅದೇ ಮಾತು!" ಸದಾನಂದ ಹಣೆ ಹಿಡಿದುಕೊಂಡ. "ಬೆಳಗಿನಿಂದ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ನಾನು ಪಾರ್ಸೆಲ್ ಆಫೀಸಲ್ಲೇ ಇರೂದು ಅಮ್ಮ, ನನಗೆ ಗೊತ್ತಿಲ್ವಾ? ಇದು ಮೇ ತಿಂಗಳು. ಪುಣೆಯಲ್ಲಿ ಗಾಡಿ ಬದಲಿಸ್ಬೇಕು. ಐಸು ಅಲ್ಲಿಗೆ ಮುಟ್ಟುವ ಮೊದಲೇ ನೀರಾಗ್ತದೆ. ಮಾಸ್ಟ್ರನ್ನು ಆ ಪ್ಲಾಟ್‌ಫಾರ್ಮಲ್ಲಿ ಬಿಸಿಲಿಗೆ ಇಡ್ಲಿಕ್ಕೆ ನಿಮಗೆ ಮನಸ್ಸು ಬರ್ತದಾ?"

ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೆ ತಮ್ಮೂರು ಬೆಟಗೇರಿಯ ಸಭೆಯ ಸ್ಮಶಾನದಲ್ಲಿ, ಬೇವಿನ ಮರದ ಬುಡದಲ್ಲಿ, ಎಳೆಯ ವಯಸ್ಸಿನಲ್ಲೇ ಹೋದ ಮಗಳು ಸುಶೀಲೆ ಇದ್ದಳು. ಅವಳ ಆಚೆಗೊಂದು ಈಚೆಗೊಂದು ಜಾಗವನ್ನು ಗಂಡ ಹೆಂಡತಿ ಇಬ್ಬರೂ ಕೂಡಿಯೇ ನೋಡಿ ಇಟ್ಟಿದ್ದರು. ನಡುವೆ ಮಗಳು, ಎರಡೂ ಬದಿಗೆ ತಾವು. ರಾಹೇಲವ್ವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ.

"ಸೋಮವಾರ ಹೋಗೂದಿತ್ತು," ಎಂದಳು ಆಕೆ, ಗಂಡನ ಕಡೆ ತಿರುಗಿ. "ಈ ಸೋಮವಾರ. ಅಷ್ಟೂ ತಡೀಲಾರದ ಹೋದ್ರಿ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲರೆ ಹುಗೀರಿ ಹಂಗಾರ," ಎಂದು ಗೋಡೆಗೆ ಆತು ಕೂತುಬಿಟ್ಟಳು.

ಕೆಳಗಿನ ಮನೆಯ ಸೇವಂತಿ ಚಹಾ ತಂದಿಟ್ಟಳು. ಅವಳ ಗಂಡ ಚೆನ್ನಯ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವನು. ಅವರು ಸಭೆಯವರಲ್ಲ. ಆದರೂ ಬೆಳಗಿನಿಂದ ಅವಳೇ ಮೇಲೆ ಕೆಳಗೆ ಓಡಾಡುತ್ತಿದ್ದಳು.

"ಒಂದು ಗುಟುಕು ಕುಡೀರಿ ಅಮ್ಮ. ಅಳ್ಲಿಕ್ಕಾದ್ರೂ ತ್ರಾಣ ಬೇಡ್ವಾ?"

"ಅಳಾಕ ಯಾರಿಗೆ ಪುರುಸೊತ್ತೈತೆವಾ," ಎಂದಳು ರಾಹೇಲವ್ವ. "ಮೊದಲ ಇವರ ಮ್ಯಾಲಿನ ಸಿಟ್ಟು ಇಳೀಲಿ."

*

ಊರಿನ ಸಭೆಯ ಮಂಡಳಿಯವರು ಅವರನ್ನು ಮುಂಬಯಿಗೆ ಕಳಿಸಿದ್ದು ಎರಡು ವರ್ಷದ ಮಾತಿಗೆ. ಮಾಸ್ತರು ಆಗಷ್ಟೇ ಮಿಶನ್ ಶಾಲೆಯಿಂದ ನಿವೃತ್ತರಾಗಿದ್ದರು. ಗೋರೆಗಾಂವಿನಿಂದ ದಹಿಸರ್ ತನಕ ಚದುರಿಹೋದ ಕನ್ನಡದ ವಿಶ್ವಾಸಿಗಳನ್ನು ಒಂದುಗೂಡಿಸಲು ಹಿರಿಯ ದಂಪತಿಗಳು ಬೇಕು ಎಂದಾಗ ಅವರು ಹೆಂಡತಿಯ ಮುಖ ಕೂಡ ನೋಡದೆ ಕೈಯೆತ್ತಿದ್ದರು. "ಈ ವಯಸ್ಸಿನ್ಯಾಗ ಪರದೇಶಕ್ಕ ಹೊಂಟೀವಿ," ಎಂದು ರಾಹೇಲವ್ವ ತಂಗಿಯ ಮುಂದೆ ಹಲುಬಿದ್ದಳು. ನಲ್ಲಿಯ ಮುಂದೆ ಮರಾಠಿಯಲ್ಲಿ ಜಗಳವಾಡಬೇಕಾದ ಊರು ಪರದೇಶವಲ್ಲದೆ ಮತ್ತೇನು?

ವಾರವೆಲ್ಲ ಓಡಾಟವೇ. ಭಾನುವಾರ ಬಾಡಿಗೆಗೆ ಹಿಡಿದ ಶಾಲೆಯ ಕೋಣೆಯಲ್ಲಿ ಆರಾಧನೆ. ಬೆಂಚುಗಳು ಎಳೆ ಮಕ್ಕಳವು, ದೊಡ್ಡವರು ಮೊಣಕಾಲನ್ನು ಗದ್ದಕ್ಕೆ ತಗಲಿಸಿಕೊಂಡು ಕೂಡಬೇಕು. ಸೋಮವಾರ ಕರಿಯ ಕೋಟನ್ನು ಬಿಸಿಲಿಗೆ ಹಾಕುವ ಕೆಲಸ. ಮಂಗಳವಾರ ಬೊರಿವಲಿಯಲ್ಲಿ ಹೆಂಗಸರ ಕೂಟ. ಬುಧವಾರ ಆಸ್ಪತ್ರೆಗೆ ಹೋದರೆ ಮಾಸ್ತರು ಹಾಸಿಗೆಯಿಂದ ಹಾಸಿಗೆಗೆ "ಕನ್ನಡದವರು ಯಾರರೆ ಅದೀರೇನ್ರಿ?" ಎಂದು ಕೇಳುತ್ತ ನಡೆಯುವರು, ನರ್ಸುಗಳು ಗದರುವರು. ಗುರುವಾರ ದಹಿಸರಿನ ಕಲ್ಲುಗಣಿಯಲ್ಲಿ ದುಡಿಯುವ ವಿಜಾಪುರದ ಕಡೆಯವರ ಗುಡಿಸಲು. ಶುಕ್ರವಾರಕ್ಕೂ ಶನಿವಾರಕ್ಕೂ ಏನಾದರೊಂದು ಇದ್ದೇ ಇರುತ್ತಿತ್ತು.

ಮಾಸ್ತರು ಹಾಡನ್ನು ಯಾವಾಗಲೂ ಎತ್ತರದ ಶ್ರುತಿಯಲ್ಲೇ ಎತ್ತುವರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೂತವರ ಕುತ್ತಿಗೆಯ ನರ ಉಬ್ಬುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮುಗಿಯುವ ಲಕ್ಷಣವೇ ಇಲ್ಲ. ಒಮ್ಮೆ ಬೊರಿವಲಿಯಲ್ಲಿ ಅವರು ಲೋಕದ ರೋಗಿಗಳನ್ನೆಲ್ಲ ನೆನೆಯುತ್ತಿದ್ದಾಗ ಒಲೆಯ ಮೇಲಿನ ಅನ್ನ ಹೊತ್ತುವ ವಾಸನೆ ಬಂತು. ಮನೆಯಾಕೆ ಭಕ್ತಿಯಿಂದ ತಲೆ ಬಗ್ಗಿಸಿಯೇ ಇದ್ದಳು. ರಾಹೇಲವ್ವ ಸದ್ದಿಲ್ಲದೆ ಎದ್ದು ಹೋಗಿ, ಪಾತ್ರೆ ಇಳಿಸಿ, ಮೇಲಿನ ಅನ್ನವನ್ನು ಬೇರೆ ಮಾಡಿ, ಕೈತೊಳೆದು ಬಂದು ಕೂತರೂ ಆಮೆನ್ ಇನ್ನೂ ದೂರವಿತ್ತು.

ಎರಡು ವರ್ಷ ಮುಗಿಯುತ್ತ ಬಂದಾಗಿನ ಮಾತು. ಬೊರಿವಲಿ ಸ್ಟೇಷನ್ನಿನಲ್ಲಿ ಲೋಕಲ್ಲಿನಿಂದ ಅವಳು ಇಳಿದಳು, ಗಂಡಸರ ಡಬ್ಬಿಯಿಂದ ಅವರು ಇಳಿಯಲೇ ಇಲ್ಲ. ಬೆಂಚಿನ ಮೇಲೆ ರೊಟ್ಟಿಗಂಟು ಇಟ್ಟುಕೊಂಡು ಅವಳು ಕಾದಳು. ಕೊನೆಗೆ ಎದುರು ಗಾಡಿಯಲ್ಲಿ ನಗುತ್ತ ಬಂದಿಳಿದರು.

"ಮುಂದಿನ ಸ್ಟೇಷನ್ ತನಕ ಹೋಗಿ ಬಂದ್ನೆ. ಡಬ್ಬ್ಯಾಗ ಒಬ್ಬಾಂವ ಸಿಕ್ಕಿದ್ದ, ಮುದ್ದೇಬಿಹಾಳದಾಂವ! ಪಾಪ, ಕನ್ನಡ ಮಾತಾಡಿ ಆರ ತಿಂಗಳಾಗಿತ್ತಂತ."

"ನನ್ನ ಕೂಡ ಮಾತಾಡಿ ಎಷ್ಟ ದಿನಾ ಆತು, ಅದರ ಲೆಕ್ಕೈತೇನು?"

ಅವರು ಪಕ್ಕದಲ್ಲಿ ಕೂತರು. ಬೂಟಿನ ತುದಿಯನ್ನೇ ನೋಡುತ್ತ ಹೇಳಿದರು: "ರಾಹೇಲಾ, ಸಿಟ್ಟಾಗಬ್ಯಾಡ. ಮಂಡಳಿಯವರಿಗೆ ಇನ್ನೊಂದು ವರ್ಷ ಇರ್ತೀವಿ ಅಂತ ಹೇಳಿಬಿಟ್ಟೀನಿ."

ಅವಳು ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು, ಅವರಿಗೆ ಕೊಡದೆ, ಒಬ್ಬಳೇ ಪೂರಾ ತಿಂದಳು. ಅವರು ಪಿಳಿಪಿಳಿ ನೋಡುತ್ತ ಕೂತಿದ್ದರು.

"ಇದ ಕಡೀದು," ಎಂದರು ಆಮೇಲೆ. "ಬರೂ ಮೇ ತಿಂಗಳು ಹೋಗೇ ಹೋಗೂದು. ಸುಶೀಲಾನ ಕಲ್ಲಿಗೆ ಸುಣ್ಣಾ ಹಚ್ಚೂದೈತಿ, ನನಗೂ ನೆನಪೈತಿ."

*

ಪೂವಪ್ಪ ಪೆಟ್ಟಿಗೆ ತಂದ. ಅವನು ಗೋರೆಗಾಂವಿನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಬಡಗಿ, ಭಾನುವಾರದ ಆರಾಧನೆಗೆ ತಪ್ಪದೆ ಬರುವವನು. ಹೊರಗೆ ಕಪ್ಪು ಬಟ್ಟೆ ಅಚ್ಚುಕಟ್ಟಾಗಿ ಬಿಗಿದಿದ್ದ. ಮುಚ್ಚಳ ತೆಗೆದರೆ ಒಳಗೆ ಹಲಗೆಯ ಮೇಲೆ ಬಂಗಾರದ ಬಣ್ಣದ ಕಂಬ, ಕಂಬದ ಪಕ್ಕ ಅರ್ಧ ನವಿಲು.

"ಇದೆಂತದು ಮಾರಾಯ!" ಸದಾನಂದ ಬೆಚ್ಚಿದ.

"ಅರಮನೆ ಸೀನಿನ ಹಲಗೆ. ಬೇರೆ ಮರ ಎಲ್ಲಿ ಸಿಗ್ತದೆ ಇಷ್ಟು ಬೇಗ? ಬಣ್ಣ ಕೆರೆಯಲಿಕ್ಕೆ ಟೈಮ್ ಇರ್ಲಿಲ್ಲ," ಎಂದ ಪೂವಪ್ಪ, ಅಳುಮುಖ ಮಾಡಿ. "ಒಳಗೆ ಯಾರು ನೋಡ್ತಾರೆ ಅಂತ…"

"ಪಾದ್ರಿ ಅಯ್ಯನೋರು ನೋಡಿದ್ರೆ ಏನಂತಾರೆ!"

ರಾಹೇಲವ್ವ ಬಗ್ಗಿ ನೋಡಿದಳು. "ನವಲು ತಲೀ ಕಡೆ ಬರ್ಲಿ," ಎಂದಳು. "ಕಾಲ ಕಡೆ ಆದ್ರ ಬೂಟಿನ ಮಸಿ ಹತ್ತತೈತಿ."

ಸ್ಟುಡಿಯೋದ ಲಾರಿಯೇ ಸಿಕ್ಕಿತು. ಗಣಿಯ ಜನ ದಹಿಸರಿನಿಂದ ಕೆಲಸ ಬಿಟ್ಟು ಬಂದಿದ್ದರು, ಮೈಮೇಲಿನ ಕಲ್ಲುಪುಡಿ ಕೂಡ ಕೊಡವಿರಲಿಲ್ಲ. ಹಾದಿಯುದ್ದಕ್ಕೂ ಯಾರನ್ನು ಹತ್ತಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಜಗಳ. ಮಾಸ್ತರು ಎಲ್ಲರಿಗೂ ತಮ್ಮ ವಾರದ ಒಂದು ದಿನವನ್ನು ಕೊಟ್ಟಿದ್ದರಿಂದ ಪ್ರತಿಯೊಬ್ಬರೂ ಅವರನ್ನು ತಮ್ಮವರೆಂದೇ ತಿಳಿದಿದ್ದರು. ಡ್ರೈವರ್ ಹಿಂದಿಯಲ್ಲಿ ಬೈದುಕೊಂಡ. ಸದಾನಂದ ಅವನ ಮೇಲೆ ಹರಿಹಾಯ್ದ. ರಾಹೇಲವ್ವ ಪೆಟ್ಟಿಗೆಯ ಮೇಲೆ ಒಂದು ಕೈ ಊರಿಕೊಂಡು, ದಾದರ್ ದಾಟಿ ಸ್ಮಶಾನ ಬರುವ ತನಕ ಕೂತೇ ಇದ್ದಳು.

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು. ಶಹರದ ದೊಡ್ಡ ಸಭೆಯಿಂದ ಬಂದ ಅಯ್ಯನವರು ವಾಕ್ಯ ಓದಿದರು. ಹಾಡನ್ನು ಸದಾನಂದ ಎತ್ತಿದ, ಎಲ್ಲರ ಗಂಟಲಿಗೂ ಒಗ್ಗುವ ಶ್ರುತಿಯಲ್ಲಿ. ಹೆಂಗಸರು, ಗಂಡಸರು, ಗಣಿಯವರು ಎಲ್ಲರೂ ಸಲೀಸಾಗಿ ಕೂಡಿಕೊಂಡರು. ಮೂರು ವರ್ಷದಲ್ಲಿ ಈ ಸಭೆ ಇಷ್ಟು ಚೆನ್ನಾಗಿ ಹಾಡಿದ್ದೇ ಇಲ್ಲ. ಅದನ್ನು ಮಾತ್ರ ರಾಹೇಲವ್ವನಿಂದ ಸಹಿಸಲಾಗಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗಂಡನನ್ನು ತಾನು ಎಷ್ಟು ಪ್ರೀತಿಸುತ್ತಿದ್ದೆ ಎಂಬುದು ಅವಳಿಗೇ ಆ ಹೊತ್ತಿನಲ್ಲಿ ತಡೆಯಲಾರದ ಹಾಗೆ ಗೊತ್ತಾಯಿತು.

ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಜನ ಚದುರತೊಡಗಿದಾಗ ಅವಳು ಗುಂಡಿ ಮುಚ್ಚುತ್ತಿದ್ದವನ ಹತ್ತಿರ ಹೋದಳು. ಅವನ ಹೆಸರು ದೂಜ, ಮಂಗಳೂರಿನ ಕ್ರಿಸ್ತುವ, ಸ್ಮಶಾನದ ಕಾವಲೂ ಅವನದೇ.

"ಒಂದ ಕಲ್ಲು ನಿಲ್ಲಸಬೇಕಪಾ. ಹೆಸರು ಕೊರಸೂದೈತಿ."

ದೂಜ ಸಲಿಕೆ ಊರಿ ನಿಂತ. "ಕಲ್ಲು ಎಂತಕ್ಕೆ ಬಾಯಿ, ಸುಮ್ಮನೆ ದಂಡ. ಇದು ಕಾಯಂ ಜಾಗ ಅಲ್ಲ. ಎರಡು ವರ್ಷದ್ದು. ಆಮೇಲೆ ತೆಗೆದು ಇನ್ನೊಬ್ಬರಿಗೆ ಕೊಡೂದು."

"ತೆಗೆದು ಅಂದ್ರ?"

"ಅಗೆದು ತೆಗೆಯೂದು. ಇಲ್ಲಿ ಜಾಗ ಎಲ್ಲಿ ಉಂಟು? ಮುಂಬಯಿ ಅಲ್ವಾ."

ಪೂವಪ್ಪ ಕೆರಳಿದ. "ಸತ್ತವರನ್ನೂ ಬಾಡಿಗೆಗೆ ಇಡೂದಾ? ಸದಾನಂದಣ್ಣ, ನಿಮಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು. ಇವತ್ತು ಅಮ್ಮನಿಗೆ ಯಾವ ಬಾಯಲ್ಲಿ ಹೇಳೂದು?" ಸದಾನಂದ ದೂಜನ ಮೇಲೆ ರೇಗಿದ. "ನಿನಗೊಂದು ಬುದ್ಧಿ ಬೇಡ್ವಾ ಮಾರಾಯ, ಮಣ್ಣು ಹಸಿ ಇರುವಾಗಲೇ…"

"ಸುಮ್ಮಕಿರ್ರಿ ಇಬ್ಬರೂ," ಎಂದಳು ರಾಹೇಲವ್ವ. ಅವಳ ದನಿ ಬದಲಾಗಿತ್ತು. "ತೆಗೆದ ಮ್ಯಾಲೆ ಏನ್ ಮಾಡ್ತೀರಪಾ?"

"ಎಲುಬು ಮನೆಯವರಿಗೆ ಕೊಡ್ತೇವೆ. ಯಾರೂ ಬಾರದಿದ್ದರೆ ಅಕೋ, ಆ ಮೂಲೆಯ ಬಾವಿಗೆ, ಎಲ್ಲರದ್ದೂ ಒಟ್ಟಿಗೆ."

"ಮನಿಯವರು ಎಲ್ಲಿಗರೆ ಒಯ್ಯಬಹುದು?"

"ಎಲ್ಲಿಗೂ. ಇಷ್ಟೇ ಪೆಟ್ಟಿಗೆ ಸಾಕು." ದೂಜ ಎರಡು ಕೈಯಲ್ಲಿ ಅಳತೆ ತೋರಿಸಿದ. "ಆದ್ರೆ ನೀವು ಬಂದು ನಿಂತ್ಕೊಳ್ಬೇಕು. ಇಂಥ ದಿನ ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ. ಜಾಗ ಬೇಕಾದ ದಿನ ತೆಗೀತೇವೆ. ಊರಿಗೆ ಹೋದವರಿಗೆಲ್ಲ ನಾನು ಸುದ್ದಿ ಎಲ್ಲಿಂದ ಮುಟ್ಟಿಸ್ಲಿ? ಹತ್ತಿರ ಇದ್ದವರಿಗೆ ಸಿಗ್ತದೆ, ಅಷ್ಟೇ."

ರಾಹೇಲವ್ವ ಸದಾನಂದನತ್ತ ತಿರುಗಿದಳು. "ಅಷ್ಟ ಸಣ್ಣ ಪೆಟಗಿಗೆ ಐಸ್ ಬೇಕೇನು?"

ಸದಾನಂದ ತಲೆ ಅಲ್ಲಾಡಿಸಿದ. "ಬೇಡ ಅಮ್ಮ. ಬುಕ್ ಕೂಡ ಮಾಡ್ಬೇಕಾಗಿಲ್ಲ. ತೊಡೆ ಮೇಲೆ ಇಟ್ಕೊಂಡು ಹೋಗ್ಬಹುದು."

ಅವಳು ಮಣ್ಣಿನ ದಿಬ್ಬದ ಕಡೆ ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು.

"ಅಂತೂ ಸಾಧಿಸಿದ್ರಿ ನೋಡ್ರಿ!" ಎಂದಳು, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಮತ್ತ ಎರಡ ವರ್ಷಾ! ನನ್ನ ಒಂದ ಮಾತು ಕೇಳಲಿಲ್ಲ, ಕೇಳಲಿಲ್ಲ! ಆತು, ಇರ್ರಿ ಇಲ್ಲೆ. ಈ ಸಲ ಮಾತ್ರ ಹಂಗ ಬಿಡಾಕಿ ಅಲ್ಲ ನಾ. ಉಡ್ಯಾಗ ಕಟಗೊಂಡ ಒಯ್ತೀನಿ. ಯಾರದೂ ಮನೀ ಹೊಕ್ಕೊಂಡ ಕೂಡಾಕ ಆಗಬಾರದು."

ಅಯ್ಯನವರು ಗಾಬರಿಯಿಂದ ಸದಾನಂದನ ಮುಖ ನೋಡಿದರು. "ದುಃಖದಲ್ಲಿ ಹೀಗಾಗ್ತದೆ," ಎಂದು ಮೆಲ್ಲಗೆ ಹೇಳಿದರು. ಸದಾನಂದ ಕನ್ನಡಕ ತೆಗೆದು ಒರೆಸಿಕೊಂಡ.

*

ದೀಪ ಹಚ್ಚುವ ಹೊತ್ತಿಗೆ ರಾಹೇಲವ್ವ ಸೇವಂತಿಯ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಇನ್ನೂ ಒದ್ದೆಯಾಗಿತ್ತು.

"ಸೇವಂತಿ, ನನ್ನ ಬೀಸುಕಲ್ಲು ತಿರಗಿ ಕೊಡವಾ."

ಊರಿಗೆ ಹೊರಟವರೆಂದು ಹೋದ ವಾರವಷ್ಟೇ ಅವಳು ಪಾತ್ರೆ ಪರಡಿಯನ್ನೆಲ್ಲ ಚಾಳಿನವರಿಗೆ ಹಂಚಿಬಿಟ್ಟಿದ್ದಳು. ಬೀಸುಕಲ್ಲು ಸೇವಂತಿಯ ಪಾಲಿಗೆ ಬಂದಿತ್ತು. ಅನ್ನ ತಿನ್ನುವ ಮನೆಯಲ್ಲಿ ಅದಕ್ಕೆ ಬೇರೇನು ಕೆಲಸ, ನೀರಿನ ಕೊಡ ಇಡಲು ಆಗಿತ್ತು.

"ಎಂತಕ್ಕೆ ಅಮ್ಮ? ಊಟ ನಾನೇ ತರ್ತೇನೆ ಅಂದಿದ್ದೆನಲ್ಲ. ಸೋಮವಾರ ಹೇಗೂ ನೀವು ಊರಿಗೆ…"

"ನಿನ್ನ ಅನ್ನ ತಿಂದು ಎರಡ ವರ್ಷಾ ಹೆಂಗ ಇರ್ಲೆವಾ? ಬೊರಿವಲಿ ಹೆಂಗಸರು ರೊಟ್ಟಿ ಇಲ್ಲದ ಹ್ವಾದ್ರ ಬಾಗಲಾ ತಗ್ಯೂದಿಲ್ಲ. ನಿನ್ನ ಗಂಡನ್ನ ಕರೀ, ಮ್ಯಾಲಕ ಹೊರಬೇಕು. ಮೂಲಿಗೆ ತಾಗಸಬಾರದು, ಬಾಯಿ ಒಡದೀತು."

ಚೆನ್ನಯನೂ ಪಕ್ಕದ ಮನೆಯವನೂ ಏದುಸಿರು ಬಿಡುತ್ತ ಕಲ್ಲನ್ನು ಮೇಲೆ ಒಯ್ದಿಟ್ಟರು. ಸೇವಂತಿ ಕೊಡವನ್ನು ನೆಲದ ಮೇಲಿಟ್ಟು, ಏನೂ ತೋಚದೆ ಮಂಚದ ಮೇಲೆ ಕೂತಳು. ಸ್ವಲ್ಪ ಹೊತ್ತಿನಲ್ಲೇ ತಲೆಯ ಮೇಲೆ ಗರಗರ ಸದ್ದು ಶುರುವಾಯಿತು. ಮಾಡಿನ ಹಲಗೆಗಳ ಸಂದಿಯಿಂದ ಜೋಳದ ಹಿಟ್ಟು ನವಿರಾಗಿ ಉದುರತೊಡಗಿತು. ಸೇವಂತಿ ಎದ್ದು ದಿಂಬು ಕೊಡವಿದಳು, ಮಂಚವನ್ನು ಗೋಡೆಯ ಬದಿಗೆ ಎಳೆದಳು.