ಗೋಡೆಗೆ ಬಿಟ್ಟ ಮಾರ್ಜಿನ್

ನಮ್ಮ ಓಣಿಯಲ್ಲಿ ಎಲ್ಲರೂ ದರ್ಜಿಗಳು; ಒಬ್ಬರು ಹೊಲಿದದ್ದು ಇನ್ನೊಬ್ಬರಿಗೆ ಹಿಡಿಸದು. ಇಂಥ ಓಣಿಯ ಗೋಡೆಯ ಮೇಲೆ ಒಗ್ಗಟ್ಟಿನ ಚಿತ್ರ ಬರೆಸಬೇಕೆಂದು ನಗರಸಭೆ ತೀರ್ಮಾನಿಸಿತು. ಓಣಿಯ ಹೆಂಗಸರು ಕೈ ಕೈ ಹಿಡಿದು ನಿಂತಿರಬೇಕು. ಒಗ್ಗಟ್ಟು ಚೆನ್ನಾಗಿ ಕಾಣಲೆಂದು, ಗೋಡೆಯ ಕೊನೆಗೆ ಅಂಟಿಕೊಂಡಿರುವ ನಮ್ಮತ್ತಿಗೆಯ ತಗಡಿನ ಅಂಗಡಿಯನ್ನು ತೆಗೆಸಬೇಕೆಂದೂ ತೀರ್ಮಾನಿಸಿತು. ಎರಡೂ ಒಂದೇ ಸಭೆಯಲ್ಲಿ.

ಅತ್ತಿಗೆ ಅಲ್ಲಿ ಕೊಡೆ ರಿಪೇರಿ ಮಾಡುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಅವರಿಗಿರುವುದು ಅದೊಂದೇ. ನಾನು ಕೂಗಾಡಿದೆ. ಅತ್ತಿಗೆ ಮಾತ್ರ, "ಚಿತ್ರ ಮುಗಿಯೋವರೆಗೂ ಇರಬಹುದಂತಲ್ಲ," ಎಂದು ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತ ಕೂತರು. ಬಣ್ಣದ ಡಬ್ಬಿ ಇಡಲು ಅಲ್ಲಿಯವರೆಗೆ ಆ ಅಂಗಡಿ ಬೇಕಿತ್ತು. ಚಿತ್ರ ಮುಗಿದ ದಿನ ಅಂಗಡಿ ಖಾಲಿ ಎಂದು ನಗರಸಭೆಯ ಸಾಹೇಬರು ಹೇಳಿಹೋಗಿದ್ದರು.

ಚಿತ್ರ ಬರೆಯಲು ಬಂದ ಹುಡುಗಿ ಒಳ್ಳೆಯವಳು. ಓಣಿಯವರೇ ಬಿಡಿಸಲಿ ಎಂದಳು. ತನ್ನ ಪುಟ್ಟ ನಕ್ಷೆಯನ್ನು, ಓಣಿಯಲ್ಲಿ ಬಟ್ಟೆ ಕತ್ತರಿಸುವ ನಮ್ಮ ಕಟಿಂಗ್ ಮಾಸ್ಟರ್ ಕೈಗೆ ಕೊಟ್ಟು, ಗೋಡೆಯ ಅಳತೆಗೆ ದೊಡ್ಡದು ಮಾಡಲು ಹೇಳಿದಳು. ಮಾಸ್ಟರ್ ಟೇಪು, ಸೀಮೆಸುಣ್ಣ ಹಿಡಿದು ಏಣಿ ಹತ್ತಿದರು. ಒಬ್ಬೊಬ್ಬ ಹೆಂಗಸಿನ ಎರಡೂ ಪಕ್ಕಕ್ಕೆ ಮಾರ್ಜಿನ್ ಬಿಟ್ಟರು. ಹೊಲಿಗೆಯ ಒಳಗೆ ಹೋಗಲೆಂದು ಬಟ್ಟೆ ಬಿಡುತ್ತೇವಲ್ಲ, ಹಾಗೆ. ಗೋಡೆಯನ್ನು ಯಾರೂ ಹೊಲಿಯುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಕೆಳಗೆ ನಿಂತು ಬುದ್ಧಿ ಹೇಳುತ್ತಿದ್ದ ನಮಗೂ ಹೊಳೆಯಲಿಲ್ಲ. ಗೋಡೆ ಮುಗಿಯಿತು, ಹೆಂಗಸರು ಮುಗಿಯಲಿಲ್ಲ. ಕೊನೆಯವಳು ಅರ್ಧ ಗೋಡೆಯ ಮೇಲೆ, ಅರ್ಧ ಅತ್ತಿಗೆಯ ತಗಡಿನ ಮೇಲೆ ಬಂದಳು.

"ಮಾಸ್ಟರ್, ಇದೇನಿದು?" ಎಂದಳು ಹುಡುಗಿ.

"ಬಿಗಿ ಆಗಬಾರದು ಅಂತ, ಮೇಡಂ."

ಸಾಹೇಬರು ಬಂದು ನೋಡಿದರು. "ಪರವಾಗಿಲ್ಲ, ಮುಗಿಸಿ. ಆಮೇಲೆ ಆ ತಗಡು ಬಿಚ್ಚಿಸಿ ಗೋಡೆ ಪಕ್ಕ ಕಂಬಕ್ಕೆ ಹೊಡೆಸ್ತೀನಿ. ಚಿತ್ರಾನೂ ಉಳಿಯುತ್ತೆ, ಜಾಗಾನೂ ಖಾಲಿ ಆಗುತ್ತೆ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವರ ಲೆಕ್ಕದಲ್ಲಿ ಹಾವು ನಮ್ಮತ್ತಿಗೆ.

ಬಣ್ಣ ಮುಗಿಯುತ್ತ ಬಂದ ಸಂಜೆ ಅತ್ತಿಗೆ ಸಾಮಾನನ್ನೆಲ್ಲ ಚೀಲಕ್ಕೆ ತುಂಬತೊಡಗಿದರು.

"ಯಾಕಮ್ಮಾ?" ಎಂದರು ಮಾಸ್ಟರ್.

"ಇನ್ನೇನಣ್ಣ, ಚಿತ್ರದ ಕೊನೆಯವಳಿಗೊಂದು ಕೈ ಬಾಕಿ, ಅಷ್ಟೇ."

ಮಾಸ್ಟರ್ ಏಣಿಯನ್ನು ತಮ್ಮ ಅಂಗಡಿಯೊಳಗಿಟ್ಟು ಬೀಗ ಹಾಕಿದರು.

ಬೆಳಿಗ್ಗೆ ಸಾಹೇಬರು ಲಾರಿ ತಂದರು. ಕೊನೆಯವಳಿಗೆ ಇನ್ನೂ ಕೈ ಬಂದಿರಲಿಲ್ಲ.

"ಮುಗೀಲಿಲ್ವೇನ್ರೀ?"

ಮಾಸ್ಟರ್ ಬಟ್ಟೆಯಿಂದ ತಲೆ ಎತ್ತಲಿಲ್ಲ. ಕೋಟು ಕೇಳಿ ಬಂದವರಿಗೆಲ್ಲ ಇಷ್ಟು ವರ್ಷ ಹೇಳಿದ ಅದೇ ದನಿಯಲ್ಲಿ ಹೇಳಿದರು: "ಆಗೇ ಹೋಯ್ತು ಸಾರ್. ಕೈ ಒಂದು ಕೂರಿಸಬೇಕು. ನಾಳೆ ಬನ್ನಿ."

ಮರುದಿನ ಸಾಹೇಬರು ನನ್ನನ್ನು ಕೇಳಿದರು. ನಾನೂ ಹಾಗೇ ಹೇಳಿದೆ; ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ, ಅಭ್ಯಾಸಬಲ. ಎದುರಂಗಡಿಯವರು, ಅವರ ಪಕ್ಕದವರು, ಜನ್ಮದಲ್ಲಿ ಒಂದೇ ಮಾತಿಗೆ ಬಾರದವರೆಲ್ಲ ಅದನ್ನೇ ಹೇಳಿದರು. ಹುಡುಗಿಯೂ ಕಲಿತಳು.

ವಾರ ಕಳೆಯಿತು. ಸಾಹೇಬರು ಸೋತು, ತಗಡಿನ ಅಂಗಡಿಯೊಳಕ್ಕೆ ಬಗ್ಗಿ ಅತ್ತಿಗೆಯನ್ನೇ ಕೇಳಿದರು: "ನೀವಾದ್ರೂ ನಿಜ ಹೇಳಿಯಮ್ಮಾ, ಯಾವಾಗ ಮುಗಿಯುತ್ತೆ?"

ಕೊಡೆ ರಿಪೇರಿ ನಿಂತ ಕಾಲಲ್ಲೇ ಮಾಡಿಕೊಡುವ ಕೆಲಸ. ಅತ್ತಿಗೆ ಜೀವಮಾನದಲ್ಲಿ ಯಾರನ್ನೂ ಕಾಯಿಸಿದವರಲ್ಲ. ಅವರು ನಮ್ಮೆಲ್ಲರ ಕಡೆ ಒಮ್ಮೆ ನೋಡಿದರು.

"ನಾಳೆ ಬನ್ನಿ, ಸಾರ್," ಎಂದರು. ನನಗೆ ಅಳು ಬಂತು.