ಅಮ್ಮನಿಗೆ ಕೇಳಿಸುವ ಹಾಲ್

ಮದುವೆಗೆ ಹಾಲ್ ನೋಡಲು ಹೋದಲ್ಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸ ಚಪ್ಪಾಳೆ ತಟ್ಟುವುದು. ಸದ್ದು ಅಲ್ಲೇ ಅಡಗಿದರೆ ಸರಿ. ಗೋಡೆಯಿಂದ ಗೋಡೆಗೆ ಅಲೆದಾಡಿದರೆ ಬಾಗಿಲಿಂದಲೇ ವಾಪಸ್. ಅಮ್ಮನ ಕಿವಿಯ ಯಂತ್ರ ಮಾತನ್ನು ದೊಡ್ಡದು ಮಾಡಿದಂತೆ ಮಾರ್ದನಿಯನ್ನೂ ದೊಡ್ಡದು ಮಾಡುತ್ತದೆ. ಎರಡೂ ಕಲಸಿಹೋದರೆ ಅಮ್ಮ ಎದುರಿನವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು, ಅದಕ್ಕೆ ಮುಖದ ಮೇಲೆ ಬೆಳಕು ಬೇಕು. ನಾವಿಬ್ಬರೂ ಎಲ್ಲರೆದುರು ನಿಂತು ಒಬ್ಬರಿಗೊಬ್ಬರು ಕೊಡುವ ಮಾತು ಅಮ್ಮನಿಗೆ ತಿಳಿಯಬೇಕು. ನಾನು ಕೇಳಿದ್ದು ಅಷ್ಟೇ.

ನನ್ನನ್ನು ಮದುವೆಯಾಗುವವನು ಸ್ನೇಹಿತರಿಗೆಲ್ಲ ಈ ಚಪ್ಪಾಳೆಯ ಕಥೆ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಕಳೆದ ವಾರ ಅವನೂ ಅವನ ಅಕ್ಕನೂ ಸೇರಿ, ನನಗೊಂದು ಮಾತೂ ಹೇಳದೆ ಹಾಲ್ ಗೊತ್ತುಮಾಡಿ ಬಂದರು.

"ಒಂದ್ಸಲ ನೋಡು, ಆಮೇಲೆ ಬೇಕಾದ್ರೆ ಬೈ," ಅಂದ. "ಅತ್ತೇನೂ ಕರ್ಕೊಂಡು ಬಾ."

ಕಾಲಿಟ್ಟ ಕೂಡಲೇ ಗೊತ್ತಾಯಿತು. ನುಣ್ಣನೆಯ ಕಲ್ಲುನೆಲ, ಮೇಲೆ ಗುಮ್ಮಟ, ವೇದಿಕೆಯ ಹಿಂದೆ ಗೋಡೆಯಗಲ ಗಾಜು. ಹಿಂದಿನಿಂದ ಬರುವ ಬೆಳಕಿಗೆ ಅಲ್ಲಿ ನಿಂತವರ ಮುಖವೆಲ್ಲ ಕಪ್ಪು. ಚಪ್ಪಾಳೆ ತಟ್ಟುವ ಅಗತ್ಯವೇ ಇರಲಿಲ್ಲ, ನನ್ನ ಚಪ್ಪಲಿಯ ಸದ್ದೇ ಸಾಕಾಯಿತು.

"ಮೈಕೇ ಬೇಡ ಮೇಡಂ, ಪಿಸುಗುಟ್ಟಿದ್ರೂ ಗುಂಯ್ ಅನ್ನುತ್ತೆ," ಎಂದು ಮ್ಯಾನೇಜರ್ ಹೆಮ್ಮೆಯಿಂದ ಹೇಳಿದರು.

"ಇಲ್ಲಿ ಅಮ್ಮಂಗೆ ಏನೂ ತಿಳಿಯಲ್ಲ," ಅಂದೆ.

"ಅವರನ್ನೇ ಕೇಳೋಣ ಇರು." ಅವನು ವೇದಿಕೆ ಹತ್ತಿದ. ಅಮ್ಮ ಕೆಳಗೆ ಕುರ್ಚಿಯಲ್ಲಿ ಕುಳಿತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಅತ್ತೆ! ನಿಮ್ಮ ಮಗಳು ಮಹಾ ಜಗಳಗಂಟಿ ಅಲ್ವಾ?"

"ಹೌದಪ್ಪ," ಅಮ್ಮ ತಲೆಯಾಡಿಸಿದಳು. "ತುಂಬಾ ಚೆನ್ನಾಗಿದೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಜೊತೆಗೆ ಬಂದಿದ್ದ ಅವನ ಅಕ್ಕನೂ ನಕ್ಕರು. ಮ್ಯಾನೇಜರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಎಲ್ಲರೂ ನಗುವುದನ್ನು ಕಂಡು ಅಮ್ಮನೂ ನಕ್ಕಳು. ಆ ನಗು ನೋಡಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಇಳಿ ಕೆಳಗೆ."

"ತಮಾಷೆ ಕಣೇ!"

"ಇಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ?" ಅಕ್ಕ ನಡುವೆ ಬಂದರು. "ನಿಮ್ಮಮ್ಮನೇ ನಕ್ಕರಲ್ಲಮ್ಮ."

"ಏನಕ್ಕೆ ನಕ್ಕರು ಅಂತ ಅವರನ್ನ ಕೇಳಿ. ಕೇಳಿ ಅಕ್ಕಾ."

ಅಕ್ಕ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ನಾನು ಮ್ಯಾನೇಜರ್ ಕಡೆ ತಿರುಗಿದೆ. "ಈ ತಾರೀಕು ಬೇರೆ ಯಾರಿಗಾದ್ರೂ ಕೊಟ್ಟುಬಿಡಿ."

"ನಾನು ಮಾತು ಕೊಟ್ಟಾಗಿದೆ!" ಅವನು ದನಿ ಏರಿಸಿದ. ಗುಮ್ಮಟವೂ ಅವನ ಜೊತೆ ಕೂಗಿತು.

"ಅಮ್ಮಂಗೆ ತಿಳಿಯೋ ಜಾಗ ನೋಡೋಣ ಅಂತ ನನಗೂ ಮಾತು ಕೊಟ್ಟಿದ್ದೆ. ನನ್ನ ಜೊತೆ ಜಗಳ ಆಮೇಲೆ ಆಡು. ಮೊದಲು ಏನಂದೆ, ಯಾಕೆ ನಕ್ಕೆ ಅಂತ ಅಮ್ಮಂಗೆ ಹೇಳು. ಹತ್ರ ಹೋಗಿ ಹೇಳು."

ಅವನು ಇಳಿದು ಬಂದು ನೆಲ ನೋಡುತ್ತ ಏನೋ ಗೊಣಗಿದ. ಅಮ್ಮನ ಮುಖದಲ್ಲಿ ನಗು ಉಳಿದಿರಲಿಲ್ಲ. ಅವಳು ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ಓದಿ ಮುಗಿಸಿದ್ದಳು.

"ತಲೆ ಎತ್ತಪ್ಪ," ಅಂದಳು. "ಬಾಯಿ ಕಾಣಿಸ್ತಿಲ್ಲ."

ಅವನು ತಲೆ ಎತ್ತಿದ. ಕಿವಿಯವರೆಗೂ ಕೆಂಪಾಗಿದ್ದ. "ನಿಮಗೆ ಕೇಳಿಸಲಿಲ್ಲ ಅಂತ ನಕ್ಕೆ ಅತ್ತೆ. ತಪ್ಪಾಯ್ತು."

ಅಮ್ಮ ಅವನ ತುಟಿಗಳನ್ನೇ ನೋಡುತ್ತಿದ್ದಳು.

"ತಪ್ಪಾಯ್ತು ಅಂದಿದ್ದು ತಿಳೀತು," ಅಂದಳು. "ಅದಕ್ಕಿಂತ ಮುಂಚೆ ಹೇಳಿದ್ದನ್ನ ಇನ್ನೊಂದ್ಸಲ ಹೇಳು."

ಅವನು ನನ್ನ ಕಡೆ ನೋಡಿದ. ನಾನು ಅವನ ನೆರವಿಗೆ ಹೋಗಲಿಲ್ಲ.