ಹಸಿ ಹುಲ್ಲಿನ ಹಗೇವು

ನರಗುಂದದ ಕೋಟೆ ಬ್ರಿಟಿಷರ ಕೈಗೆ ಬಿದ್ದ ಮರುವರ್ಷ ರೋಣದಲ್ಲಿ ಯಾರು ಯಾರಿಗೆ ಗುಟ್ಟು ಮುಟ್ಟಿಸುವ ಬಾತ್ಮಿದಾರರೋ ತಿಳಿಯುತ್ತಿರಲಿಲ್ಲ. ಜೋಳದ ವ್ಯಾಪಾರಿ ಅಂದಾನೆಪ್ಪನಂತೂ ತನ್ನ ನೆರಳನ್ನೂ ನಂಬುತ್ತಿರಲಿಲ್ಲ. ಜೋಳ ತುಂಬುವ ಮುಂಚೆ ನೆಲದೊಳಗಿನ ಹಗೇವಿನ ಗೋಡೆಗೆ ಹುಲ್ಲು ಹೊದಿಸುತ್ತಿದ್ದ ಆಳುಗಳು ಅವನನ್ನು ಕಂಡೊಡನೆ ಗಪ್ಪಾದರು.

"ಏನ ಮಸಲತ್ತು ನಡದೈತಿ?"

"ಏನಿಲ್ರಿ ಧಣ್ಯಾರ, ಎಲ್ಲಾ ಚಲೋ ಐತ್ರಿ," ಅಂದಳು ಮಾನವ್ವ, ನೆಲ ನೋಡುತ್ತ.

ಕಳ್ಳತನವೇ ಇರಬೇಕು! ಅಂದಾನೆಪ್ಪ ಹೋದಂತೆ ಮಾಡಿ, ಬಣವೆಯ ಮರೆಯಲ್ಲಿ ನಿಂತು ಕಿವಿಗೊಟ್ಟ.

"ಹುಲ್ಲು ಹಸಿ ಐತಿ, ಜೋಳ ಮುಗ್ಗಿ ಹೋಗತೈತಿ. ಧಣಿಗೆ ಹೇಳೂಣೇನ?" ಮಾನವ್ವನ ದನಿ.

"ಹೋದ ವರ್ಷ ಹೇಳಿದ ಪರಶಪ್ಪ ಏನಾದ?" ಅಂದ ಉಡಚಪ್ಪ. "ನೀನ ಕೆಡಿಸಿದಿ ಅಂತ ಬಾರಕೋಲಲೆ ಬೆನ್ನ ಸುಲದು ಓಡಿಸಿದ್ರು."

ಅಂದಾನೆಪ್ಪನ ಕಪಾಳಕ್ಕೆ ಯಾರೋ ಬಾರಿಸಿದಂತಾಯಿತು. ಮರುದಿನ ತಾನೇ ಚಕ್ಕಡಿ ಹೂಡಿಕೊಂಡು ಪರಶಪ್ಪನ ಊರಾದ ಅಸೂಟಿಗೆ ಹೋಗಿ, ಅವನನ್ನು ಕರೆತಂದು ಎಲ್ಲರೆದುರು ನಿಲ್ಲಿಸಿದ.

"ಇನ್ನ ಮ್ಯಾಲ ಏನ ಕೆಟ್ರೂ ಹೇಳ್ರಿ, ಅಂಜಬ್ಯಾಡ್ರಿ. ಮಾನವ್ವಾ, ಹುಲ್ಲು ಹ್ಯಾಂಗೈತಿ?"

ಮಾನವ್ವ ಪರಶಪ್ಪನ ಮುಖ ನೋಡಿದಳು. ಪರಶಪ್ಪ ಧಣಿಯ ಕೈ ನೋಡುತ್ತಿದ್ದ. ಚಕ್ಕಡಿಯಿಂದ ಇಳಿದ ಅಂದಾನೆಪ್ಪನ ಕೈಯಲ್ಲಿ ಅದೇ ಬಾರಕೋಲು ಇನ್ನೂ ಹಾಗೇ ಇತ್ತು.

"ಭಾಳ ಚಲೋ ಐತ್ರಿ ಧಣ್ಯಾರ," ಅಂದಳು ಮಾನವ್ವ.